ಕಾರ್ಬನ್ ಬಾನೆಟ್ಟಿನ ಬೆಲೆ ಮತ್ತು ಬಾಳಿಕೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



"ನೀವು ಮಾಡುವ ಕೆಲಸದ ಬಗ್ಗೆ ಅರ್ಧ ಗಂಟೆ ಮಾತಾಡಿ, ಮಕ್ಕಳಿಗೆ ಅರ್ಥವಾಗಬೇಕು, ಹಿರಿಯರಿಗೆ ಬೇಸರವಾಗಬಾರದು" ಎಂದು ಸಮಿತಿಯವರು ಹೇಳಿದ್ದಾರೆ. ನನ್ನ ಪರಿಚಯವನ್ನು ನಿರೂಪಕರು ದೊಡ್ಡದಾಗಿಯೇ ಮಾಡಿದರು. ನಾನು ಹೇಳುವುದಾದರೆ ಇಷ್ಟೇ: 1989ರಲ್ಲಿ ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ತುಮಕೂರಿನಲ್ಲಿ ಐಟಿಐ ಫಿಟ್ಟರ್ ಓದಿದೆ. ಬೆಂಗಳೂರಿನ ಪೀಣ್ಯಕ್ಕೆ ಹೋಗಿ ಫೈಬರ್ ಗ್ಲಾಸ್ ಕೆಲಸ ಕಲಿತೆ. ಆಮೇಲೆ ಕಾರ್ಬನ್ ಫೈಬರ್ ಕೆಲಸಕ್ಕೆ ಬಂದೆ. ಈಗ ಒಂದು ಸಣ್ಣ ಶೆಡ್ಡಿನಲ್ಲಿ ಏಳು ಜನ ಹುಡುಗರ ಜೊತೆ ಕಾರು, ಬೈಕುಗಳಿಗೆ ಕಾರ್ಬನ್ ಭಾಗಗಳನ್ನು ಮಾಡುತ್ತೇನೆ, ಒಡೆದವನ್ನು ರಿಪೇರಿ ಮಾಡುತ್ತೇನೆ.

ಊರಿಗೆ ಬಂದಾಗಲೆಲ್ಲ ನನಗೆ ಎರಡೇ ಪ್ರಶ್ನೆ ಕೇಳುತ್ತಾರೆ. "ಅದಕ್ಕೆ ಅಷ್ಟು ಬೆಲೆ ಯಾಕೆ?" ಎನ್ನುವುದು ಒಂದು. "ಅಷ್ಟು ಕೊಟ್ಟರೆ ಎಷ್ಟು ವರ್ಷ ಬರುತ್ತೆ?" ಎನ್ನುವುದು ಇನ್ನೊಂದು. ಎತ್ತು ಕೊಳ್ಳುವಾಗ, ಪಂಪ್‌ಸೆಟ್ ಕೊಳ್ಳುವಾಗ ನಮ್ಮ ಹಿರಿಯರು ಕೇಳುವುದೂ ಇದನ್ನೇ. ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿ ಕೂರುತ್ತೇನೆ.

ಮೊದಲು ಇದು ಏನು ಅಂತ ತಿಳಿಯೋಣ. ಕಾರ್ಬನ್ ಅಂದರೆ ಇಂಗಾಲ, ನಮ್ಮ ಒಲೆಯ ಇದ್ದಿಲು. ಇದ್ದಿಲು ಸುಡುವವರು ಏನು ಮಾಡುತ್ತಾರೆ? ಕಟ್ಟಿಗೆಯನ್ನು ಗೂಡಿನಲ್ಲಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಗಾಳಿ ಆಡದ ಹಾಗೆ ಸುಡುತ್ತಾರೆ. ಗಾಳಿ ಆಡಿದರೆ ಬೂದಿ, ಆಡದಿದ್ದರೆ ಇದ್ದಿಲು. ಕಾರ್ಬನ್ ನೂಲು ಮಾಡುವುದೂ ಇದೇ ತತ್ವದ ಮೇಲೆ. ಕಟ್ಟಿಗೆಯ ಬದಲು ಅಲ್ಲಿ ಅಕ್ರಿಲಿಕ್ ಜಾತಿಯ ನೂಲು. ಚಳಿಗಾಲದಲ್ಲಿ ಸಂತೆಯಲ್ಲಿ ಸಿಗುತ್ತದಲ್ಲ ಅಗ್ಗದ ಸ್ವೆಟರ್, ಅದರ ನೂಲಿನ ಹತ್ತಿರದ ನೆಂಟ ಅದು. ಆ ನೂಲನ್ನು ಮೊದಲು 200ರಿಂದ 300 ಡಿಗ್ರಿ ಬಿಸಿಯಲ್ಲಿ ನಿಧಾನವಾಗಿ ಹದ ಮಾಡುತ್ತಾರೆ. ಆಮೇಲೆ ಗಾಳಿಯ ಬದಲು ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ 1,000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಇಂಗಾಲ ಬಿಟ್ಟು ಮಿಕ್ಕಿದ್ದು ಬಹುಪಾಲು ಹಾರಿಹೋಗುತ್ತದೆ. ಎರಡು ಕೆಜಿ ನೂಲು ಹಾಕಿದರೆ ಸುಮಾರು ಒಂದು ಕೆಜಿ ಕಾರ್ಬನ್ ಎಳೆ ಸಿಗುತ್ತದೆ. ಒಂದೊಂದು ಎಳೆಯ ದಪ್ಪ 7 ಮೈಕ್ರಾನ್ ಆಸುಪಾಸು. ನಮ್ಮ ತಲೆಗೂದಲು ಅದರ ಹತ್ತರಷ್ಟು ದಪ್ಪ. ಅಂಥ 3,000 ಎಳೆ, 12,000 ಎಳೆ, ಕೆಲವೊಮ್ಮೆ 50,000 ಎಳೆ ಸೇರಿಸಿ ಒಂದು ಪಟ್ಟಿ ಮಾಡಿ, ಅದರಿಂದ ಬಟ್ಟೆ ನೇಯುತ್ತಾರೆ.

ಇದರ ಮೂಲ ಹುಡುಕಿದರೆ ವಿದ್ಯುತ್ ಬಲ್ಬಿಗೆ ಹೋಗುತ್ತದೆ. 1879ರಲ್ಲಿ ಎಡಿಸನ್ ತನ್ನ ಬಲ್ಬಿಗೆ ಹತ್ತಿಯ ದಾರವನ್ನು ಇದ್ದಿಲು ಮಾಡಿ ಹಾಕಿದ. ಅದು ಬೇಗ ಹೋಗುತ್ತಿತ್ತು. ಮುಂದೆ ಬಿದಿರಿನ ಎಳೆಯನ್ನು ಇದ್ದಿಲು ಮಾಡಿ ಹಾಕಿದ, ಅದು ಬಹಳ ಹೊತ್ತು ಉರಿಯಿತು. ಇಂದಿನ ಗಟ್ಟಿ ನೂಲು ಬಂದದ್ದು 1958ರಿಂದ ಈಚೆಗೆ. ಅಮೆರಿಕದ ರೋಜರ್ ಬೇಕನ್, ಜಪಾನಿನ ಅಕಿಯೊ ಶಿಂಡೊ, ಇಂಗ್ಲೆಂಡಿನ ಫಾರ್ನ್‌ಬರೊ ಪ್ರಯೋಗಾಲಯದವರು ಒಬ್ಬರಾದ ಮೇಲೆ ಒಬ್ಬರು ಅದನ್ನು ಮುಂದಕ್ಕೆ ತಂದರು.

ಈಗ ನಾನು ತಂದಿರುವ ನಾಲ್ಕು ಪಟ್ಟಿಗಳನ್ನು ಮಕ್ಕಳು ಕೈಯಿಂದ ಕೈಗೆ ದಾಟಿಸಿ ನೋಡಿ. ನಾಲ್ಕೂ ಒಂದೇ ಅಳತೆ. 30 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ. ಉಕ್ಕಿನ ಪಟ್ಟಿ 140 ಗ್ರಾಂ ತೂಗುತ್ತದೆ. ಅಲ್ಯೂಮಿನಿಯಂ ಪಟ್ಟಿ 50 ಗ್ರಾಂ. ಫೈಬರ್ ಗ್ಲಾಸ್ 35 ಗ್ರಾಂ. ಆ ಕಪ್ಪು ಪಟ್ಟಿ ಇದೆಯಲ್ಲ, ಕಾರ್ಬನ್, ಅದು 28 ಗ್ರಾಂ. ಉಕ್ಕಿನ ಐದನೇ ಒಂದು ಭಾಗ. ಫೈಬರ್ ಗ್ಲಾಸನ್ನೂ ಕಾರ್ಬನ್ನನ್ನೂ ಎರಡು ತುದಿ ಹಿಡಿದು ಬಾಗಿಸಿ. ತೂಕದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಬಾಗುವುದರಲ್ಲಿ ಇದೆ. ಇಷ್ಟು ಹಗುರವಾಗಿ ಇಷ್ಟು ಬಿಗಿಯಾಗಿ ನಿಲ್ಲುವುದೇ ಕಾರ್ಬನ್ನಿನ ಹೆಚ್ಚುಗಾರಿಕೆ.

ಇದಕ್ಕೊಂದು ಸ್ವಭಾವ ಇದೆ. ಬಿದಿರನ್ನು ಉದ್ದಕ್ಕೆ ಸೀಳಲು ಒಂದು ಮಚ್ಚಿನೇಟು ಸಾಕು, ಅಡ್ಡಕ್ಕೆ ತುಂಡು ಮಾಡಲು ಗರಗಸ ಬೇಕು. ಕಾರ್ಬನ್ ಎಳೆಯೂ ಹಾಗೆಯೇ, ಅದರ ಶಕ್ತಿಯೆಲ್ಲ ಎಳೆ ಓಡುವ ದಿಕ್ಕಿನಲ್ಲಿ. ಆದ್ದರಿಂದ ಬಟ್ಟೆಯನ್ನು ಒಂದರ ಮೇಲೊಂದು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಹಾಸುತ್ತೇವೆ. ನಡುವೆ ಅಂಟಾಗಿ ರೆಸಿನ್ ಇರುತ್ತದೆ. ಹಳೆಯ ಕಾಲದ ಮಣ್ಣಿನ ಗೋಡೆಗೆ ಹುಲ್ಲು ಕಲಸಿ ತುಳಿಯುತ್ತಿದ್ದರಲ್ಲ, ಅದೇ ಉಪಾಯ. ಮಣ್ಣು ಮಾತ್ರ ಇದ್ದರೆ ಬಿರುಕು, ಹುಲ್ಲು ಮಾತ್ರ ಇದ್ದರೆ ಗೋಡೆಯೇ ಇಲ್ಲ. ನಮ್ಮಲ್ಲಿ ಹುಲ್ಲಿನ ಜಾಗದಲ್ಲಿ ಕಾರ್ಬನ್, ಮಣ್ಣಿನ ಜಾಗದಲ್ಲಿ ರೆಸಿನ್. ಈ ಮಾತನ್ನು ನೆನಪಿಡಿ. ನಾವು ಕೊಳ್ಳುವುದು ಬರೀ ಕಾರ್ಬನ್ ಅಲ್ಲ, ಕಾರ್ಬನ್ ಮತ್ತು ರೆಸಿನ್ ಎರಡನ್ನೂ. ಬಾಳಿಕೆಯ ಮಾತು ಬಂದಾಗ ಮೊದಲು ಸೋಲುವುದು ಸಾಮಾನ್ಯವಾಗಿ ರೆಸಿನ್.

ಈಗ ಬೆಲೆಗೆ ಬರೋಣ. ಕಾರಿಗೆ ಬಳಸುವ ಉಕ್ಕಿನ ತಗಡು ಕೆಜಿಗೆ ನೂರು ರೂಪಾಯಿಯ ಒಳಗೆ ಸಿಗುತ್ತದೆ. ನಾನು ಕೊಳ್ಳುವ ಕಾರ್ಬನ್ ಬಟ್ಟೆ ಕೆಜಿಗೆ ಸಾವಿರಗಳ ಲೆಕ್ಕ. ನೂಲಿನ ಬೆಲೆಯಲ್ಲಿ ಹೆಚ್ಚುಕಡಿಮೆ ಅರ್ಧ, ಸುಡುವ ಮೊದಲಿನ ಆ ಅಕ್ರಿಲಿಕ್ ನೂಲಿಗೇ ಹೋಗುತ್ತದೆ. ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಕುಲುಮೆಯ ಕರೆಂಟಿಗೆ.

ಆದರೆ ಸಾಮಗ್ರಿಯ ಬೆಲೆ ಅರ್ಧ ಕಥೆ ಮಾತ್ರ. ದೊಡ್ಡ ಕಾರು ಕಾರ್ಖಾನೆಯಲ್ಲಿ ಉಕ್ಕಿನ ತಗಡನ್ನು ಪ್ರೆಸ್ಸಿಗೆ ಇಟ್ಟರೆ ಒಂದೊಂದು ಏಟಿಗೆ ಕೆಲವು ಸೆಕೆಂಡು. ನಾಲ್ಕೈದು ಏಟಿಗೆ ಬಾನೆಟ್ ತಯಾರು. ನಮ್ಮ ಶೆಡ್ಡಿನಲ್ಲಿ ಒಂದು ಕಾರ್ಬನ್ ಬಾನೆಟ್ಟಿಗೆ ಇಬ್ಬರು ಎರಡು ದಿನ ದುಡಿಯಬೇಕು. ಅಚ್ಚನ್ನು ಉಜ್ಜಿ ಮೇಣ ಸವರಬೇಕು, ಬಟ್ಟೆ ಕತ್ತರಿಸಬೇಕು, ಒಂದೊಂದು ಪದರವನ್ನೂ ಸುಕ್ಕಿಲ್ಲದಂತೆ ಹಾಸಬೇಕು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಳಗಿನ ಗಾಳಿಯೆಲ್ಲ ಎಳೆಯಬೇಕು, ರೆಸಿನ್ ಬಿಡಬೇಕು, ಓವನ್ನಿನಲ್ಲಿ ಬೇಯಿಸಬೇಕು, ಅಂಚು ತೆಗೆದು ಪಾಲಿಶ್ ಮಾಡಬೇಕು. ಸೀರೆಯ ನೆರಿಗೆ ಹಿಡಿದ ಹಾಗೆ ತಾಳ್ಮೆಯ ಕೆಲಸ. ವಿಮಾನದ ಭಾಗಗಳಿಗಾದರೆ ಆಟೋಕ್ಲೇವ್ ಬೇಕು. ಅದು ಒಂದು ಕೋಣೆಯಷ್ಟು ದೊಡ್ಡ ಪ್ರೆಶರ್ ಕುಕ್ಕರ್ ಅಂದುಕೊಳ್ಳಿ.

ಕೈಕೆಲಸದ ಬೆಲೆ ಎಷ್ಟು ಅನ್ನುವುದಕ್ಕೆ ಇಂಗ್ಲೆಂಡಿನ ಮ್ಯಾಕ್‌ಲಾರೆನ್ ಕಂಪನಿಯ ಉದಾಹರಣೆ ಹೇಳುತ್ತೇನೆ. 1981ರಲ್ಲಿ ಜಾನ್ ಬರ್ನಾರ್ಡ್ ಎಂಬ ವಿನ್ಯಾಸಕಾರ ಅವರ ರೇಸ್ ಕಾರಿಗೆ ಕಾರ್ಬನ್ ಚೌಕಟ್ಟು ಮಾಡಿಸಿದರು. ಇಂಗ್ಲೆಂಡಿನಲ್ಲಿ ಅದನ್ನು ಮಾಡಿಕೊಡುವವರು ಸಿಗದೆ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಹರ್ಕ್ಯುಲಿಸ್ ಕಂಪನಿಯಿಂದ ತರಿಸಿದರು. "ಇದು ಗುದ್ದಿದರೆ ಪುಡಿಪುಡಿ ಆಗುತ್ತೆ" ಎಂದು ಅನುಮಾನ ಪಟ್ಟವರು ಬಹಳ. ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಆ ಕಾರು ತಡೆಗೋಡೆಗೆ ಬಡಿದು, ಹಿಂದಿನ ಎಂಜಿನ್ ಕಿತ್ತು ಬೇರೆಯಾಯಿತು. ವಾಟ್ಸನ್ ಕೂತಿದ್ದ ಕಾರ್ಬನ್ ಗೂಡು ಹಾಗೇ ಉಳಿಯಿತು. ಅವರು ಎದ್ದು ನಡೆದುಕೊಂಡು ಬಂದರು. ಅಲ್ಲಿಂದ ಮುಂದೆ ಆ ಅನುಮಾನಕ್ಕೆ ಹೆಚ್ಚು ಬೆಲೆ ಉಳಿಯಲಿಲ್ಲ.

1992ರಲ್ಲಿ ಅದೇ ಕಂಪನಿ ರಸ್ತೆಯಲ್ಲಿ ಓಡುವ ಕಾರಿಗೂ ಕಾರ್ಬನ್ ಚೌಕಟ್ಟು ಹಾಕಿತು. ಒಂದು ಚೌಕಟ್ಟಿಗೆ ಸುಮಾರು 3,000 ಗಂಟೆಯ ದುಡಿಮೆ ಹಿಡಿಯುತ್ತಿತ್ತು. ಒಟ್ಟು ಮಾಡಿದ್ದು 106 ಕಾರು ಮಾತ್ರ. 2011ರಲ್ಲಿ ಬಂದ ಅವರ ಇನ್ನೊಂದು ಕಾರಿಗೆ ಬೇರೆ ವಿಧಾನ ಕಂಡುಕೊಂಡರು. ಒಣ ಬಟ್ಟೆಯನ್ನು ಅಚ್ಚಿನಲ್ಲಿ ಇಟ್ಟು ಒತ್ತಡದಿಂದ ರೆಸಿನ್ ತುಂಬುವ ವಿಧಾನ ಅದು. ಆ 75 ಕೆಜಿ ತೂಕದ ಚೌಕಟ್ಟು ನಾಲ್ಕು ಗಂಟೆಯಲ್ಲಿ ತಯಾರಾಯಿತು. 3,000 ಗಂಟೆಯಿಂದ 4 ಗಂಟೆಗೆ ಇಳಿದರೂ ಆ ಕಾರು ಕೋಟಿಗಟ್ಟಲೆ ಬೆಲೆಯದು. ಉಕ್ಕಿನ ಪ್ರೆಸ್ಸಿನ ಸೆಕೆಂಡುಗಳ ಮುಂದೆ ನಾಲ್ಕು ಗಂಟೆ ಇನ್ನೂ ಬಹಳ ದೂರ.

ಇದನ್ನು ಮಧ್ಯಮ ವರ್ಗದವರ ಕಾರಿಗೆ ತರಲು ದೊಡ್ಡ ಪ್ರಯತ್ನ ಮಾಡಿದ್ದು ಜರ್ಮನಿಯ ಬಿಎಂಡಬ್ಲ್ಯು. 2013ರಲ್ಲಿ ಅವರ ಐ3 ಎಂಬ ವಿದ್ಯುತ್ ಕಾರು ಬಂತು. ಜನ ಕೂರುವ ಭಾಗವೆಲ್ಲ ಕಾರ್ಬನ್. ಅದರ ನೂಲಿನ ದಾರಿ ಕೇಳಿ. ಸುಡುವ ಮೊದಲಿನ ಬಿಳಿ ನೂಲು ಜಪಾನಿನಲ್ಲಿ ತಯಾರಾಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸೆಸ್ ಲೇಕ್ ಎಂಬ ಊರಿಗೆ ಹೋಗಿ ಇದ್ದಿಲಾಗುತ್ತಿತ್ತು. ಆ ಊರೇ ಯಾಕೆ? ಕೊಲಂಬಿಯಾ ನದಿಯ ಅಣೆಕಟ್ಟುಗಳಿಂದ ಅಲ್ಲಿ ಕರೆಂಟು ಅಗ್ಗ. ಅಲ್ಲಿಂದ ಜರ್ಮನಿಗೆ ಬಂದು ಬಟ್ಟೆಯಾಗಿ, ಕೊನೆಗೆ ಲೈಪ್‌ಜಿಗ್‌ನಲ್ಲಿ ಕಾರಾಗುತ್ತಿತ್ತು. ಅರ್ಧ ಭೂಮಿ ಸುತ್ತಿ ಬಂದ ನೂಲು. ಆ ಕಾರಿನ ಬ್ಯಾಟರಿಯೇ 230 ಕೆಜಿ. ಅಷ್ಟು ಭಾರವನ್ನು ಕಾರ್ಬನ್ ಬಳಸಿ ಬೇರೆ ಕಡೆ ಉಳಿಸಿದ್ದರಿಂದ ಇಡೀ ಕಾರು 1,200 ಕೆಜಿಯ ಆಸುಪಾಸಿನಲ್ಲಿ ನಿಂತಿತು. ಜರ್ಮನಿಯಲ್ಲಿ ಶುರುವಿನ ಬೆಲೆ 34,950 ಯೂರೊ. 2022ರಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ಸುಮಾರು ಎರಡೂವರೆ ಲಕ್ಷ ಕಾರು ತಯಾರಾಗಿದ್ದವು. ಆಮೇಲೆ ಬಂದ ಅವರ ವಿದ್ಯುತ್ ಕಾರುಗಳಲ್ಲಿ ಇಡೀ ಗೂಡನ್ನು ಕಾರ್ಬನ್ನಿನಲ್ಲಿ ಮಾಡಲಿಲ್ಲ. ಎಲ್ಲಿ ಬೇಕೋ ಅಲ್ಲಿ ಮಾತ್ರ ಕಾರ್ಬನ್, ಉಳಿದ ಕಡೆ ಉಕ್ಕು ಮತ್ತು ಅಲ್ಯೂಮಿನಿಯಂ.

ಇದರಿಂದ ನಾನು ಕಲಿತದ್ದು ಹೇಳುತ್ತೇನೆ. ಕಾರ್ಬನ್ನಿಗೆ ಕೊಡುವ ಹಣ ಎಲ್ಲಿ ಸಾರ್ಥಕ, ಎಲ್ಲಿ ದಂಡ ಎನ್ನುವುದು ಆ ಭಾಗ ಮಾಡುವ ಕೆಲಸದ ಮೇಲೆ ನಿಂತಿದೆ. ಒಂದು ಲೆಕ್ಕ ಹಾಕೋಣ. ಹತ್ತನೇ ತರಗತಿಯ ಮಕ್ಕಳು ನನ್ನ ಜೊತೆ ಮನಸ್ಸಿನಲ್ಲೇ ಮಾಡಿ. ಸಾವಿರ ಕೆಜಿಯ ಒಂದು ಕಾರು, ಲೀಟರಿಗೆ 20 ಕಿಲೋಮೀಟರ್ ಓಡುತ್ತದೆ. ಉಕ್ಕಿನ ಬಾನೆಟ್ ತೆಗೆದು ಕಾರ್ಬನ್ ಹಾಕಿದರೆ 10 ಕೆಜಿ ಉಳಿಯಿತು ಅನ್ನೋಣ. ಅಂದರೆ ತೂಕ ನೂರಕ್ಕೆ ಒಂದು ಭಾಗ ಕಡಿಮೆ. ತೂಕ ನೂರಕ್ಕೆ ಹತ್ತು ಇಳಿದರೆ ಇಂಧನ ನೂರಕ್ಕೆ ಆರರಿಂದ ಎಂಟು ಉಳಿಯುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಅಂದಾಜು. ಹಾಗಾದರೆ ನೂರಕ್ಕೆ ಒಂದು ಇಳಿದರೆ ಉಳಿತಾಯ ಮುಕ್ಕಾಲು ಭಾಗವೂ ಇಲ್ಲ, 0.7 ಎಂದು ಹಿಡಿಯಿರಿ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸಿದರೆ ಬೇಕಾಗುವ ಪೆಟ್ರೋಲು 500 ಲೀಟರ್. ಅದರಲ್ಲಿ ಉಳಿಯುವುದು ಮೂರೂವರೆ ಲೀಟರ್. ಲೀಟರಿಗೆ ನೂರು ರೂಪಾಯಿಯಂತೆ ವರ್ಷಕ್ಕೆ 350 ರೂಪಾಯಿ. ಬಾನೆಟ್ಟಿಗೆ 40,000 ಕೊಟ್ಟಿದ್ದರೆ ಅದು ವಾಪಸ್ ಬರಲು ಎಷ್ಟು ವರ್ಷ? ನೂರು ವರ್ಷ ದಾಟುತ್ತದೆ. ನಮ್ಮ ಶಾಲೆಯ ಶತಮಾನೋತ್ಸವ ಮುಗಿದ ಮೇಲೂ ಬಾಕಿ ಇರುತ್ತದೆ! ಡಿಕ್ಕಿಯಲ್ಲಿ ಬಿದ್ದಿರುವ ಬೇಡದ ಸಾಮಾನನ್ನು ತೆಗೆದು ಮನೆಯಲ್ಲಿ ಇಟ್ಟರೆ ಅದೇ ಹತ್ತು ಕೆಜಿ ಪುಕ್ಕಟೆಯಾಗಿ ಉಳಿಯುತ್ತದೆ. ಇದನ್ನು ಹೇಳಿದರೆ ನನ್ನ ವ್ಯಾಪಾರಕ್ಕೇ ಕಲ್ಲು, ಆದರೂ ಲೆಕ್ಕ ಲೆಕ್ಕವೇ.

ಅದೇ ಕಾರ್ಬನ್ ಯುದ್ಧವಿಮಾನದಲ್ಲಿ ಇದ್ದರೆ ಲೆಕ್ಕ ಬೇರೆ. ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡ ತೇಜಸ್ ವಿಮಾನ 2001ರ ಜನವರಿ 4ರಂದು ಮೊದಲ ಸಲ ಹಾರಿತು. ಅದರ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಭಾಗ ಇಂಥ ಸಂಯುಕ್ತ ವಸ್ತುಗಳೇ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಈ ವಿದ್ಯೆಯನ್ನು ನಮ್ಮ ನೆಲದಲ್ಲಿ ಬೆಳೆಸಿದ ಸಂಸ್ಥೆಗಳಲ್ಲಿ ಒಂದು. ಅಲ್ಲಿ ಒಂದೊಂದು ಕೆಜಿ ಉಳಿಸಿದರೂ ಅಷ್ಟು ಹೆಚ್ಚು ಇಂಧನ ಹೊರಬಹುದು, ಅಷ್ಟು ದೂರ ಹೋಗಬಹುದು. ಅಲ್ಲಿ ಕೊಟ್ಟ ಬೆಲೆಗೆ ಅರ್ಥ ಇದೆ.

ಇನ್ನು ಎರಡನೆಯ ಪ್ರಶ್ನೆ, ಬಾಳಿಕೆ. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಕಾರ್ಬನ್ ತುಕ್ಕು ಹಿಡಿಯುವುದಿಲ್ಲ. ತಂತಿಯನ್ನು ಹಿಂದೆ ಮುಂದೆ ಹತ್ತು ಸಲ ಬಾಗಿಸಿದರೆ ತುಂಡಾಗುತ್ತದಲ್ಲ, ಲೋಹಕ್ಕೆ ಬರುವ ಆ ಆಯಾಸ ಕಾರ್ಬನ್ನಿಗೆ ಬಹಳ ಕಡಿಮೆ. ನೆಟ್ಟಗೆ ಮಾಡಿದ ಭಾಗ ದಶಕಗಳ ಕಾಲ ನಿಲ್ಲುತ್ತದೆ. ಆಗಲೇ ಹೇಳಿದ ಆ 106 ಕಾರುಗಳಲ್ಲಿ ಬಹಳಷ್ಟು ಇಂದಿಗೂ ಓಡುವ ಸ್ಥಿತಿಯಲ್ಲಿವೆ.

ಆದರೆ ಇದಕ್ಕೆ ನಾಲ್ಕು ಶತ್ರುಗಳಿದ್ದಾರೆ.

ಮೊದಲನೆಯದು ಬಿಸಿಲು. ಬಿಸಿಲಿಗೆ ಕಾರ್ಬನ್ ಜಗ್ಗುವುದಿಲ್ಲ, ರೆಸಿನ್ ಜಗ್ಗುತ್ತದೆ. ಮೊದಲು ಹಳದಿ, ಆಮೇಲೆ ಮಬ್ಬು, ಆಮೇಲೆ ಮೇಲಿನ ಪದರ ಸಿಪ್ಪೆ ಏಳುತ್ತದೆ. ಬಿಸಿಲು ತಡೆಯುವ ಒಳ್ಳೆಯ ಕ್ಲಿಯರ್ ಕೋಟ್ ಹಾಕಿ, ನೆರಳಲ್ಲಿ ನಿಲ್ಲಿಸಿದರೆ ಹತ್ತಾರು ವರ್ಷ ಹೊಳೆಯುತ್ತದೆ. ಅಗ್ಗದ ಕೋಟ್ ಹಾಕಿದ್ದು ನಮ್ಮ ಬಯಲುಸೀಮೆಯ ಬಿಸಿಲಿಗೆ ಎರಡು ಮೂರು ಬೇಸಗೆಯಲ್ಲೇ ಬಣ್ಣ ಬಿಡುತ್ತದೆ.

ಎರಡನೆಯದು ಲೋಹದ ಸಹವಾಸ. ಮಕ್ಕಳೇ, ಹಳೆಯ ಟಾರ್ಚ್ ಸೆಲ್ ಒಡೆದು ನೋಡಿದ್ದೀರಲ್ಲ? ನಡುವೆ ಒಂದು ಕಪ್ಪು ಕಡ್ಡಿ, ಸುತ್ತ ಸತುವಿನ ಡಬ್ಬಿ. ಆ ಕಪ್ಪು ಕಡ್ಡಿ ಕಾರ್ಬನ್. ಸೆಲ್ ಕೆಲಸ ಮಾಡಿದಷ್ಟೂ ಸತು ಸವೆಯುತ್ತದೆ, ಕಾರ್ಬನ್ ಹಾಗೇ ಇರುತ್ತದೆ. ಕಾರ್ಬನ್ ಭಾಗಕ್ಕೆ ಅಲ್ಯೂಮಿನಿಯಂ ತುಂಡನ್ನು ನೇರವಾಗಿ ಬಿಗಿದು ಮೇಲೆ ಮಳೆ ನೀರು ಬಿದ್ದರೆ ಅಲ್ಲೊಂದು ಪುಟ್ಟ ಸೆಲ್ ತಯಾರಾಗುತ್ತದೆ. ಅಲ್ಯೂಮಿನಿಯಂ ಸದ್ದಿಲ್ಲದೆ ಕರಗಿ ಬಿಳಿ ಪುಡಿಯಾಗುತ್ತದೆ. ಅದಕ್ಕೇ ತಿಳಿದವರು ನಡುವೆ ಒಂದು ಪದರ ಗಾಜಿನ ಬಟ್ಟೆ ಹಾಕಿ, ಟೈಟಾನಿಯಂ ಅಥವಾ ಸ್ಟೇನ್‌ಲೆಸ್ ಬೋಲ್ಟ್ ಬಳಸುತ್ತಾರೆ. ಎಂಟನೇ ತರಗತಿಯ ವಿಜ್ಞಾನ ಇಲ್ಲಿ ಸಾವಿರಾರು ರೂಪಾಯಿ ಉಳಿಸುತ್ತದೆ.

ಮೂರನೆಯದು ಏಟು. ಉಕ್ಕಿಗೆ ಏಟು ಬಿದ್ದರೆ ತಗ್ಗು ಬೀಳುತ್ತದೆ. ತಗ್ಗು ಕಣ್ಣಿಗೆ ಕಾಣುತ್ತದೆ, ನಮ್ಮೂರ ಟಿಂಕರ್ ಅಂಗಡಿಯವರು ಸುತ್ತಿಗೆಯಲ್ಲಿ ಬಡಿದು, ಪಟ್ಟಿ ಹಾಕಿ ಸರಿ ಮಾಡುತ್ತಾರೆ. ಕಾರ್ಬನ್ ತಗ್ಗು ಬೀಳುವುದಿಲ್ಲ. ತಡೆಯುವಷ್ಟು ತಡೆದು ಒಮ್ಮೆಲೇ ಒಡೆಯುತ್ತದೆ. ಇಲ್ಲವೇ ಮೇಲೆ ಏನೂ ಕಾಣದೆ ಒಳಗೆ ಪದರ ಪದರ ಬಿಡುತ್ತದೆ.

ಏಟಿನ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತವರು ಇಂಗ್ಲೆಂಡಿನ ರೋಲ್ಸ್ ರಾಯ್ಸ್. 1960ರ ದಶಕದ ಕೊನೆಯಲ್ಲಿ ತಮ್ಮ ಹೊಸ ವಿಮಾನ ಎಂಜಿನ್ನಿನ ದೊಡ್ಡ ಫ್ಯಾನ್ ಎಲೆಗಳನ್ನು ಅವರು ಕಾರ್ಬನ್ನಿನಲ್ಲಿ ಮಾಡಲು ಹೊರಟರು. ಹಕ್ಕಿ ಬಡಿದರೆ ಏನಾಗುತ್ತದೆ ಎಂದು ತಿಳಿಯಲು ಕೋಳಿಯ ದೇಹವನ್ನು ರಭಸದಿಂದ ಹಾರಿಸಿ ಪರೀಕ್ಷೆ ಮಾಡಿದರು. ಎಲೆಗಳು ಒಡೆದವು. ಟೈಟಾನಿಯಂ ಎಲೆಗೆ ಬದಲಾಯಿಸಬೇಕಾಯಿತು. ಖರ್ಚು ಕೈಮೀರಿ, 1971ರ ಫೆಬ್ರವರಿಯಲ್ಲಿ ಕಂಪನಿಯೇ ದಿವಾಳಿಯಾಗಿ ಸರ್ಕಾರದ ಕೈ ಸೇರಿತು. ಕಾರ್ಬನ್ ಎಲೆಯೊಂದೇ ಅದಕ್ಕೆ ಕಾರಣವಲ್ಲ, ಆದರೆ ಅದೂ ಒಂದು. ಆಗ ಕಾರು ಮತ್ತು ಎಂಜಿನ್ ಎರಡೂ ಒಂದೇ ಕಂಪನಿಯಾಗಿತ್ತು ಎಂಬುದನ್ನು ನೆನೆಸಿಕೊಳ್ಳಿ. ಮುಂದೆ 1990ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವರು ಕಾರ್ಬನ್ ಎಲೆಯ ಮುಂಚೂಣಿ ಅಂಚಿಗೆ ಟೈಟಾನಿಯಂ ಕವಚ ತೊಡಿಸಿ ಅದೇ ಕೆಲಸದಲ್ಲಿ ಗೆದ್ದರು. ಏಟು ಬೀಳುವ ಜಾಗಕ್ಕೆ ಲೋಹ, ಹಗುರ ಬೇಕಾದ ಜಾಗಕ್ಕೆ ಕಾರ್ಬನ್. ನೇಗಿಲಿನ ಮೈ ಮರ, ತುದಿಗೆ ಕಬ್ಬಿಣದ ಗುಳ ಅಲ್ಲವೇ? ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು.

ನಾಲ್ಕನೆಯ ಶತ್ರು ಅರೆಬರೆ ಕೆಲಸ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ನಮ್ಮ ಶೆಡ್ಡಿಗೆ ಕಾರು ತಂದ. ಎಲ್ಲಿಂದಲೋ ತರಿಸಿದ ಅಗ್ಗದ ಕಾರ್ಬನ್ ಬಾನೆಟ್. ಹೆದ್ದಾರಿಯಲ್ಲಿ ಹೋಗುವಾಗ ಮುಂದಿನ ಲಾಕ್ ಕಿತ್ತುಕೊಂಡು ಬಾನೆಟ್ ಮೇಲೆದ್ದು ಮುಂದಿನ ಗಾಜಿಗೆ ಬಡಿದಿತ್ತು. ದಾರಿ ಕಾಣದೆ, ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಗೋ ಅಂಚಿಗೆ ನಿಲ್ಲಿಸಿದ್ದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಮತ್ತು ತಂಗಿ ಇದ್ದರು. ಆ ತಾಯಿ ನಮ್ಮ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು, ಕೊಟ್ಟ ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದರು, ಕುಡಿಯಲಿಲ್ಲ.

ಬಾನೆಟ್ಟನ್ನು ಕತ್ತರಿಸಿ ನೋಡಿದೆವು. ಮೇಲೆ ಕಣ್ಣಿಗೆ ಕಾಣುವ ಒಂದೇ ಒಂದು ಪದರ ಕಾರ್ಬನ್. ಕೆಳಗೆಲ್ಲ ಒರಟು ಫೈಬರ್ ಗ್ಲಾಸ್. ಲಾಕ್ ಕೂರುವ ಜಾಗದಲ್ಲಿ ಲೋಹದ ತಟ್ಟೆ ಹುದುಗಿಸಿರಬೇಕಿತ್ತು, ಅದೇ ಇರಲಿಲ್ಲ. ಬರೀ ರೆಸಿನ್ನಿಗೆ ಸ್ಕ್ರೂ ತಿರುಗಿಸಿದ್ದರು. ಹೊರಗಿನಿಂದ ನೋಡಿದರೆ ನಮ್ಮ ಬಾನೆಟ್ಟಿಗಿಂತ ಅದೇ ಹೆಚ್ಚು ಹೊಳೆಯುತ್ತಿತ್ತು. ಬೆಲೆ ಅರ್ಧ. ಆ ಅರ್ಧ ಬೆಲೆಯಲ್ಲಿ ಉಳಿಸಿದ್ದು ಲಾಕಿನ ಹಿಂದಿನ ಒಂದು ತುಂಡು ತಗಡು ಮತ್ತು ಎರಡು ಪದರ ಬಟ್ಟೆ. ಆ ಮನೆಯವರ ಮೂರು ಜೀವ ಅದರ ಮೇಲೆ ನಿಂತಿತ್ತು.

ಹಾಗಾದರೆ ಒಳಗಿನದನ್ನು ತಿಳಿಯುವುದು ಹೇಗೆ? ವಿಮಾನದವರ ಹತ್ತಿರ ಅಲ್ಟ್ರಾಸೌಂಡ್ ಯಂತ್ರ ಇದೆ, ಆಸ್ಪತ್ರೆಯಲ್ಲಿ ಹೊಟ್ಟೆ ನೋಡುವ ಹಾಗೆ ನೋಡುತ್ತಾರೆ. ನಮ್ಮ ಹತ್ತಿರ ಒಂದು ರೂಪಾಯಿ ನಾಣ್ಯ ಇದೆ. ನಗಬೇಡಿ, ನಾಣ್ಯದಲ್ಲಿ ತಟ್ಟಿ ನೋಡುವುದು ಈ ಕೆಲಸದಲ್ಲಿ ಎಲ್ಲ ದೇಶದವರೂ ಒಪ್ಪಿದ ಪರೀಕ್ಷೆ. ಗಟ್ಟಿ ಇರುವ ಕಡೆ ಟಣ್ ಎಂದು ಚುರುಕಾದ ಸದ್ದು. ಒಳಗೆ ಪದರ ಬಿಟ್ಟಿರುವ ಕಡೆ ದೊಬ್ ಎಂದು ಮಂಕಾದ ಸದ್ದು. ಸಂತೆಯಲ್ಲಿ ನಮ್ಮ ತಾಯಂದಿರು ಮಡಕೆಯನ್ನು ಬೆರಳಿನ ಗೆಣ್ಣಿನಲ್ಲಿ ತಟ್ಟಿ ಕಿವಿಗೊಟ್ಟು ಕೇಳುತ್ತಾರಲ್ಲ, ಅದೇ ವಿದ್ಯೆ. ನಮ್ಮ ಶೆಡ್ಡಿಗೆ ಹೊಸದಾಗಿ ಬರುವ ಹುಡುಗರಿಗೆ ಮೊದಲ ವಾರ ನಾನು ಕಲಿಸುವುದು ತಟ್ಟಿ ಕೇಳುವುದನ್ನೇ. ತಟ್ಟಿ ಅನುಮಾನ ಬಂದರೆ ದೊಡ್ಡ ಯಂತ್ರ ಇರುವವರ ಹತ್ತಿರ ಕಳಿಸುತ್ತೇವೆ.

ಒಡೆದದ್ದನ್ನು ಸರಿ ಮಾಡಬಹುದೇ? ಬಹಳ ಸಲ ಮಾಡಬಹುದು. ಕೆಟ್ಟ ಜಾಗದ ಸುತ್ತ ಪದರ ಪದರವಾಗಿ ಮೆಟ್ಟಿಲಿನಂತೆ ಉಜ್ಜಿ ತೆಗೆದು, ಅದೇ ದಿಕ್ಕಿಗೆ ಹೊಸ ಬಟ್ಟೆ ಹಾಸಿ ಬೇಯಿಸುತ್ತೇವೆ. ಉಜ್ಜುವಾಗ ಏಳುವ ಧೂಳು ಮೈಗೆ ಕಡಿತ, ಶ್ವಾಸಕೋಶಕ್ಕೆ ಕೆಡುಕು. ಮಾಸ್ಕ್ ಇಲ್ಲದೆ ನಮ್ಮ ಹುಡುಗರು ಯಂತ್ರ ಮುಟ್ಟುವಂತಿಲ್ಲ. ಕಾರ್ಬನ್ ಧೂಳಿನಲ್ಲಿ ಕರೆಂಟು ಹರಿಯುವುದರಿಂದ ಸ್ವಿಚ್‌ಬೋರ್ಡಿಗೂ ಅಪಾಯ. ರಿಪೇರಿಗೆ ಖರ್ಚು ಹೆಚ್ಚು, ಬಲ್ಲವರು ಕಡಿಮೆ. ಬಿಎಂಡಬ್ಲ್ಯು ಐ3 ಮಾಡಿದವರು ಇದನ್ನು ಮೊದಲೇ ಯೋಚಿಸಿದ್ದರು. ಒಳಗಿನ ಗೂಡು ಕಾರ್ಬನ್ ಆದರೂ ಹೊರಗೆ ದಿನನಿತ್ಯ ಗೀಚು ಬೀಳುವ ಭಾಗಗಳನ್ನು ಬಿಚ್ಚಿ ಹಾಕಬಹುದಾದ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರು. ಮಾಡುವಾಗಲೇ ರಿಪೇರಿಯನ್ನು ನೆನೆಯುವವನೇ ಒಳ್ಳೆಯ ಕಸುಬುದಾರ.

ಕೊನೆಗೆ ಗುಜರಿಯ ಮಾತು. ಹಳೆಯ ಕಬ್ಬಿಣವನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಅದು ಕರಗಿ ಮತ್ತೆ ಕಬ್ಬಿಣವಾಗಿ ಬರುತ್ತದೆ. ಬೆಂದ ರೆಸಿನ್ ಮತ್ತೆ ಕರಗುವುದಿಲ್ಲ, ಬೆಂದ ಮುದ್ದೆಯನ್ನು ಮತ್ತೆ ಹಿಟ್ಟು ಮಾಡಲಾಗದ ಹಾಗೆ. ಗಾಳಿ ಆಡದ ಕುಲುಮೆಯಲ್ಲಿ ಕಾಯಿಸಿ ರೆಸಿನ್ ಓಡಿಸಿ ಎಳೆಯನ್ನು ವಾಪಸ್ ಪಡೆಯುವ ಕಾರ್ಖಾನೆಗಳು ಹೊರದೇಶದಲ್ಲಿವೆ. ಸಿಗುವುದು ತುಂಡು ಎಳೆ, ಸಣ್ಣಪುಟ್ಟ ಭಾಗಗಳಿಗೆ ಆಗುತ್ತದೆ. ನಮ್ಮ ಗುಜರಿಯವರು ಮಾತ್ರ ಕಾರ್ಬನ್ ತುಂಡನ್ನು ಕೈಯಲ್ಲೂ ಮುಟ್ಟುವುದಿಲ್ಲ. ಬಾಳಿಕೆಯ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಮುಂದೆ ನಿಮ್ಮ ಕೈಗೆ ಬರುವ ಗಾಡಿಗಳಲ್ಲಿ ಬರೀ ಕಬ್ಬಿಣ ಇರುವುದಿಲ್ಲ. ಇಲ್ಲಿ ಕೂತಿರುವ ಮಕ್ಕಳಲ್ಲಿ ಕೆಲವರು ಐಟಿಐಗೆ ಹೋಗುತ್ತೀರಿ, ಕೆಲವರು ಡಿಪ್ಲೊಮಾ, ಕೆಲವರು ಗ್ಯಾರೇಜು. ಹೊಸ ವಸ್ತು ಬಂದಾಗ ಹೊಳಪು ನೋಡಿ ಬೆರಗಾಗುವವರು ಬಹಳ ಜನ ಸಿಗುತ್ತಾರೆ. ಅದನ್ನು ತಟ್ಟಿ ನೋಡಿ, ತೂಗಿ ನೋಡಿ, ಕೆಟ್ಟಾಗ ಸರಿ ಮಾಡಬಲ್ಲವರು ಕಡಿಮೆ. ಆ ಕಡಿಮೆ ಜನರಲ್ಲಿ ನಮ್ಮ ಶಾಲೆಯವರು ಇರಲಿ ಎನ್ನುವುದು ನನ್ನ ಆಸೆ. ಯಾವ ಭಾಗ ಕೊಳ್ಳುವಾಗಲೂ ಮೂರು ಮಾತು ಕೇಳಿ. ಇದು ಮಾಡುವ ಕೆಲಸ ಏನು? ಕಾಣದ ಜಾಗದಲ್ಲಿ ಏನಿದೆ? ಕೆಟ್ಟರೆ ಯಾರು ಸರಿ ಮಾಡುತ್ತಾರೆ? ಈ ಮೂರಕ್ಕೂ ಉತ್ತರ ಸಿಕ್ಕರೆ ಬೆಲೆ ಹೆಚ್ಚಾದರೂ ಕೊಳ್ಳಿ. ಸಿಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಮಕ್ಕಳ ಕೈಯಲ್ಲಿರುವ ಆ ನಾಲ್ಕು ಪಟ್ಟಿಗಳು ಇನ್ನು ಮುಂದೆ ಶಾಲೆಯ ಪ್ರಯೋಗಾಲಯದವು. ಅವುಗಳ ಜೊತೆಗೆ ಒಳಗೆ ಪದರ ಬಿಟ್ಟಿರುವ ಒಂದು ಹಳೆಯ ಕಾರ್ಬನ್ ತುಂಡು, ಒಂದು ಗಟ್ಟಿ ತುಂಡು ತಂದಿದ್ದೇನೆ. ನಾಣ್ಯದಲ್ಲಿ ತಟ್ಟಿ ಯಾವುದು ಯಾವುದೆಂದು ಮಕ್ಕಳೇ ಕಂಡುಹಿಡಿಯಲಿ. ಐಟಿಐ ಮುಗಿಸಿದ ನಮ್ಮ ಶಾಲೆಯ ಮಕ್ಕಳು ಕೆಲಸ ಕಲಿಯಬೇಕೆಂದರೆ ವರ್ಷಕ್ಕೆ ಇಬ್ಬರನ್ನು ಸಂಬಳ ಕೊಟ್ಟೇ ಶೆಡ್ಡಿಗೆ ಸೇರಿಸಿಕೊಳ್ಳುತ್ತೇನೆ, ಹೆಣ್ಣುಮಕ್ಕಳೂ ಬರಬಹುದು. ಮುಖ್ಯೋಪಾಧ್ಯಾಯರ ಹತ್ತಿರ ನನ್ನ ನಂಬರ್ ಇದೆ. ಇತರ ಕಸುಬುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳೂ ತಮ್ಮ ತಮ್ಮ ಕೆಲಸದ ಇಂಥ ಒಂದೊಂದು ತುಂಡನ್ನು ಪ್ರಯೋಗಾಲಯಕ್ಕೆ ತಂದುಕೊಟ್ಟರೆ, ಒಂದು ಬೀರು ತುಂಬಲು ಹೆಚ್ಚು ದಿನ ಬೇಕಿಲ್ಲ.

ಊಟದ ಹೊತ್ತಾಯಿತು, ಅಡುಗೆಯವರು ಆಗಲೇ ಎರಡು ಸಲ ಇಣುಕಿ ಹೋದರು.